ಮಡಿಯ ಬೆಲೆ ಯಾರು ಕೊಡಬೇಕು?

 

ಈ ಸರಣಿಯಲ್ಲಿ ಇರುಮುಡಿ ಕಟ್ಟುವ ಕ್ರಮ ಬಂತು, ಹದಿನೆಂಟು ಮೆಟ್ಟಿಲಿನ ಅರ್ಥ ಬಂತು, ಎರುಮೇಲಿಯ ಪೇಟೆ ತುಳ್ಳಲ್ ಬಗ್ಗೆ ಒಬ್ಬ ಸ್ವಾಮಿಗಳು ಬಹಳ ಚೆನ್ನಾಗಿ ಬರೆದರು. ಈ ವಾರ ನನ್ನ ಸರದಿ. ಹದಿನಾಲ್ಕು ಸಲ ಮಲೆ ಹತ್ತಿದ್ದೇನೆ, ಯಾತ್ರೆಯ ಅನುಭವ ಬರೆದರೆ ಸುಲಭವಾಗಿ ಮುಗಿಯುತ್ತಿತ್ತು. ಆದರೆ ಎರಡು ವರ್ಷದಿಂದ ಒಂದು ವಿಷಯ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅದನ್ನೇ ಬರೆಯುತ್ತೇನೆ. ಕೆಲವರಿಗೆ ಬೇಸರವಾಗಬಹುದು, ಮನ್ನಿಸಿ.

ನಾನು ಗದಗ ಕಡೆಯವನು. ರೈಲ್ವೆ ನೌಕರಿಗೆಂದು ನಾಗಪುರಕ್ಕೆ ಬಂದವನು ಇಲ್ಲೇ ಉಳಿದೆ. ನಮ್ಮ ತಂಡದಲ್ಲಿ ಕನ್ನಡದವರು, ತೆಲುಗಿನವರು, ನಾಲ್ಕೈದು ಜನ ಮಲಯಾಳಿಗಳು, ಇತ್ತೀಚೆಗೆ ಮರಾಠಿ ಹುಡುಗರು, ಎಲ್ಲ ಸೇರಿ ಮೂವತ್ತು ಮೂವತ್ತೈದು ಮಾಲಾಧಾರಿಗಳು. ಮಂಡಲ ಕಾಲದಲ್ಲಿ ಒಂದು ಖಾಲಿ ಪ್ಲಾಟಿನಲ್ಲಿ ಶೆಡ್ ಹಾಕಿ ಸನ್ನಿಧಿ ಮಾಡುತ್ತೇವೆ. ದಿನಾ ಮಧ್ಯಾಹ್ನ ಅನ್ನದಾನ. ಸ್ವಾಮಿಗಳಿಗಷ್ಟೇ ಅಲ್ಲ, ಬಂದವರಿಗೆಲ್ಲ. ಯಾರು ಯಾವ ದಿನ ಯಾವ ಸೇವೆ ಮಾಡಬೇಕು ಎಂಬ ಪಟ್ಟಿ ಬರೆಯುವ ರಿಜಿಸ್ಟರು ಎಂಟು ವರ್ಷದಿಂದ ನನ್ನ ಕೈಯಲ್ಲಿದೆ.

ಎರಡು ವರ್ಷದ ಹಿಂದೆ ಒಬ್ಬ ಹುಡುಗ ಕನ್ನಿ ಸ್ವಾಮಿಯಾಗಿ ಬಂದ. ಬೀದರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದ ಮನೆತನ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕೆಲಸದಲ್ಲಿ ಹಿಂದಿ. ಕೇಟರಿಂಗ್ ಮಾಡುವವರ ಹತ್ತಿರ ಅಡುಗೆ ಕೆಲಸ ಮಾಡುತ್ತಿದ್ದ. ಇನ್ನೂರು ಜನರ ಸಾರಿಗೆ ಉಪ್ಪು ಎಷ್ಟು ಎಂದು ಕೈಯಲ್ಲೇ ತೂಗುವಂಥವನು. ಮೊದಲ ದಿನ ಅಡುಗೆ ಕಡೆ ಹೋದ, ಕುಂಬಳಕಾಯಿ ಹೆಚ್ಚಿದ, ಹುಳಿ ಮಾಡಿದ. ಆ ದಿನ ಹುಳಿ ಎರಡನೇ ಸಲ ಕೇಳಿ ಬಡಿಸಿಕೊಂಡವರಲ್ಲಿ ನಾನೂ ಒಬ್ಬ.

ಊಟವಾದ ಮೇಲೆ ಒಬ್ಬ ಹಿರಿಯ ಸ್ವಾಮಿಗಳು ಅವನನ್ನು ಪ್ರೀತಿಯಿಂದಲೇ ಮಾತಾಡಿಸಿದರು. ಮನೆ ಎಲ್ಲಿ ಅಂತ ಕೇಳಿದರು. ಇಂದೋರಾ ಕಡೆ ಅಂದ. ನಾಗಪುರದಲ್ಲಿ ಇರುವವರಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ಉತ್ತರ ನಾಗಪುರದ ಆ ಭಾಗ ಬಾಬಾಸಾಹೇಬರ ಚಳವಳಿಯ ಮನೆ ಇದ್ದ ಹಾಗೆ. ಹಿರಿಯರು ಮತ್ತೇನೂ ಕೇಳಲಿಲ್ಲ. ಸಂಜೆ ಭಜನೆ ಮುಗಿದ ಮೇಲೆ ನನ್ನ ಪಕ್ಕ ಕೂತು, "ಅಡುಗೆ ಕಡೆ ಸ್ವಲ್ಪ ಮಡಿ ನೋಡಿಕೊಳ್ಳಬೇಕು ಸ್ವಾಮಿ, ವ್ರತ ಕೆಡಬಾರದು ನೋಡಿ" ಅಂದರು. ಜಾತಿಯ ಹೆಸರು ಅವರ ಬಾಯಲ್ಲೂ ಬರಲಿಲ್ಲ, ನನ್ನ ಬಾಯಲ್ಲೂ ಬರಲಿಲ್ಲ. ನಾನು ತಲೆಯಾಡಿಸಿದೆ. ರಿಜಿಸ್ಟರಿನಲ್ಲಿ ಅಡುಗೆಯ ಸಾಲಿನಿಂದ ಅವನ ಹೆಸರು ಹೊಡೆದು ಎಲೆ ಎತ್ತುವುದು, ಅಂಗಳ ಗುಡಿಸುವುದು, ಚಪ್ಪಲಿ ಕಾಯುವುದು ಎಂಬ ಸಾಲಿಗೆ ಬರೆದೆ. ಇಡೀ ಮಂಡಲಕ್ಕೆ.

ಮರುದಿನ ಬೆಳಿಗ್ಗೆ ಅವನಿಗೆ ನಾನೇ ಹೇಳಿದೆ. ಹೇಳಿದ್ದು ಹೇಗೆ ಅನ್ನುವುದು ಮುಖ್ಯ. "ಸೇವೆಯಲ್ಲಿ ದೊಡ್ಡದು ಚಿಕ್ಕದು ಅಂತ ಇಲ್ಲ ಸ್ವಾಮಿ. ಎಲೆ ಎತ್ತುವವನಿಗೆ ಬರುವ ಪುಣ್ಯ ಬಡಿಸುವವನಿಗೂ ಇಲ್ಲ" ಅಂದೆ.

ಅವನು ನಕ್ಕು ಹೇಳಿದ: "ಹೌದ್ರಿ ಸ್ವಾಮಿ. ಹಂಗಾದ್ರ ಆ ಪುಣ್ಯ ನಿಮಗೂ ಒಂದ್ ದಿನ ಸಿಗ್ಲಿ. ನಿಮ್ಮ ಹೆಸರೂ ಬರ್ಕೊಳ್ರಿ."

ನಾನೂ ನಕ್ಕೆ. ಬರೆದುಕೊಳ್ಳಲಿಲ್ಲ. ಮೂರು ದಿನ ಬಂದ, ಎಲೆ ಎತ್ತಿದ, ಗುಡಿಸಿದ. ನಾಲ್ಕನೇ ದಿನದಿಂದ ಬರಲಿಲ್ಲ. ಮಾಲೆ ತೆಗೆದನೇನೋ ಅಂದುಕೊಂಡೆ. ಇಲ್ಲ, ಬೇರೆ ತಂಡದ ಜೊತೆ ವ್ರತ ಪೂರೈಸಿ ಮಲೆಗೆ ಹೋಗಿಬಂದ ಎಂದು ಆಮೇಲೆ ತಿಳಿಯಿತು.

ನಾನು ಅವನಿಗೆ ಒಂದೂ ಕೆಟ್ಟ ಮಾತು ಆಡಲಿಲ್ಲ. ಗದರಲಿಲ್ಲ. ಸ್ವಾಮಿ ಎಂದೇ ಕರೆದೆ. ನಾನು ಆಡಿದ ಮಾತು ನಿಜವಾದ ಮಾತು ಕೂಡ. ಸೇವೆಯಲ್ಲಿ ದೊಡ್ಡದು ಚಿಕ್ಕದು ಇಲ್ಲ, ಅದನ್ನು ನಾನು ನಂಬುತ್ತೇನೆ. ನನ್ನನ್ನು ಎರಡು ವರ್ಷದಿಂದ ಕಾಡುತ್ತಿರುವುದು ಇದೇ. ಸುಳ್ಳು ಹೇಳಿ ನೋಯಿಸಿದ್ದರೆ ತಪ್ಪು ಯಾವುದು ಎಂದು ಬೇಗ ತಿಳಿಯುತ್ತಿತ್ತು. ನಾನು ಸತ್ಯದ ಮಾತನ್ನೇ ತೆಗೆದುಕೊಂಡು ಒಬ್ಬನನ್ನು ಹೊರಗೆ ಹಾಕುವುದಕ್ಕೆ ಬಳಸಿದೆ. ಅಷ್ಟೇ ಅಲ್ಲ, ಹಾಕಿದ್ದು ನಾನಲ್ಲ, ವ್ರತದ ನಿಯಮ ಎಂದುಕೊಂಡೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ನಮ್ಮ ವ್ರತದ ನಿಯಮಗಳನ್ನು ಒಂದೊಂದಾಗಿ ನೋಡಿ ಸ್ವಾಮಿಗಳೇ. ತಣ್ಣೀರು ಸ್ನಾನ, ಯಾರಿಗೆ? ನನಗೆ. ಬರಿಗಾಲು, ನನಗೆ. ನೆಲದ ಮೇಲೆ ಚಾಪೆ, ನನಗೆ. ಬ್ರಹ್ಮಚರ್ಯ, ಒಪ್ಪೊತ್ತು, ಕೋಪ ಬಿಡುವುದು, ಎಲ್ಲವೂ ಮಾಲೆ ಹಾಕಿದವನಿಗೆ. ನಲವತ್ತೊಂದು ದಿನ ನನ್ನ ಕೊರಳಿಗೆ ನಾನೇ ಹಗ್ಗ ಕಟ್ಟಿಕೊಳ್ಳುತ್ತೇನೆ. ಅದರ ಇನ್ನೊಂದು ತುದಿಯನ್ನು ಬೇರೆಯವರ ಕೊರಳಿಗೆ ಹಾಕು ಎಂದು ಯಾವ ಗುರುಸ್ವಾಮಿಯೂ ನನಗೆ ಹೇಳಿಕೊಟ್ಟಿರಲಿಲ್ಲ. ನಾನಾಗಿಯೇ ಹಾಕಿದೆ. ಮತ್ತು ಆ ಹುಡುಗನಿಗಿಂತ ಮೊದಲೂ ಹಾಕಿದ್ದೆ.

ನಾಗಪುರದಲ್ಲಿ ಮನೆಮನೆಗೂ ದೊಡ್ಡ ಕೂಲರ್ ಇರುತ್ತದೆ, ಬೇಸಿಗೆ ಮುಗಿದ ಮೇಲೆ ಅದನ್ನು ಇಡಲು ಒಂದು ಮೂಲೆ ಬೇಕು. ನಮ್ಮ ಮನೆಯಲ್ಲಿ ಹಿಂದಿನ ಬಾಲ್ಕನಿಗೆ ತಗಡು ಹಾಕಿ ಮಾಡಿದ ಸಣ್ಣ ಕೋಣೆ ಅದು. ನಾನು ಮಾಲೆ ಹಾಕಿದ ಮೊದಲ ಏಳೆಂಟು ವರ್ಷ, ತಿಂಗಳ ಆ ದಿನಗಳಲ್ಲಿ ನನ್ನ ಹೆಂಡತಿ ಮಲಗಿದ್ದು ಆ ಕೋಣೆಯಲ್ಲಿ. ಡಿಸೆಂಬರಿನಲ್ಲಿ ಇಲ್ಲಿನ ಚಳಿ ಹೇಗಿರುತ್ತದೆ ಎಂದು ಇಲ್ಲಿದ್ದವರಿಗೆ ಗೊತ್ತು. ಅವಳೂ ಚಾಪೆಯ ಮೇಲೆ, ನಾನೂ ಚಾಪೆಯ ಮೇಲೆ. ಇಬ್ಬರದೂ ವ್ರತವೇ ಎಂದು ನಾನು ಹೆಮ್ಮೆಯಿಂದ ಹೇಳುತ್ತಿದ್ದೆ. ಆದರೆ ನನ್ನ ಚಾಪೆ ನಾನು ಆರಿಸಿಕೊಂಡದ್ದು, ಅವಳ ಚಾಪೆ ನಾನು ಹಾಸಿದ್ದು. ಒಂದು ವರ್ಷ ಅವಳಿಗೆ ಜ್ವರ ಬಂದು ಕೆಮ್ಮು ತಿಂಗಳುಗಟ್ಟಲೆ ಹೋಗಲಿಲ್ಲ. ಆಗಲೂ ಅವಳು ನಾಲ್ಕು ಗಂಟೆಗೆ ಎದ್ದು ನನ್ನ ಪೂಜೆಗೆ ಅಣಿ ಮಾಡುವುದು ತಪ್ಪಲಿಲ್ಲ, ಆ ನಾಲ್ಕೈದು ದಿನ ಬಿಟ್ಟು. ಆ ದಿನಗಳಲ್ಲಿ ನಾನು ಹೋಟೆಲಿನ ಹಣ್ಣಿನ ರಸ ಕುಡಿದುಕೊಂಡು ಎಂಥಾ ಕಷ್ಟ ಎನ್ನುತ್ತಿದ್ದೆ.

(ಸನ್ನಿಧಾನದ ಪ್ರವೇಶದ ಚರ್ಚೆಗೆ ನಾನು ಇಲ್ಲಿ ಹೋಗುತ್ತಿಲ್ಲ. ನಾನು ಹೇಳುತ್ತಿರುವುದು ನನ್ನ ಮನೆಯ ಕೂಲರ್ ಕೋಣೆಯ ವಿಷಯ. ದಯವಿಟ್ಟು ಅದಕ್ಕೆ ಇದನ್ನು ಜೋಡಿಸಬೇಡಿ.)

ಆ ಹುಡುಗ ಹೋದ ಮುಂದಿನ ವರ್ಷದ ದಸರೆ. ನಾಗಪುರದಲ್ಲಿ ದಸರೆ ಎಂದರೆ ದೀಕ್ಷಾಭೂಮಿ. ಲಕ್ಷ್ಮೀನಗರದ ಕಡೆಯ ರಸ್ತೆಗಳೆಲ್ಲ ಬಂದ್ ಆಗುತ್ತವೆ, ಲಕ್ಷಾಂತರ ಜನ ಬರುತ್ತಾರೆ. ಇಷ್ಟು ವರ್ಷ ಆ ದಿನ ನಾನು ಮಾಡುತ್ತಿದ್ದ ಕೆಲಸ ಒಂದೇ: ಟ್ರಾಫಿಕ್ ಬಗ್ಗೆ ಗೊಣಗುವುದು. ಆ ವರ್ಷ ಸ್ಕೂಟರ್ ದೂರದಲ್ಲಿ ನಿಲ್ಲಿಸಿ ನಡೆದುಕೊಂಡು ಹೋದೆ. ಯಾಕೆ ಹೋದೆ ಎಂದರೆ ಸರಿಯಾದ ಉತ್ತರ ಇಲ್ಲ. ಆ ಹುಡುಗ ಸಿಗಬಹುದು ಅಂತಲೋ, ಸಿಗದೇ ಇರಲಿ ಅಂತಲೋ.

ಬಿಳಿ ಬಟ್ಟೆ ತೊಟ್ಟ ಮುದುಕಿಯರು, ಹೆಗಲ ಮೇಲೆ ಮಕ್ಕಳು, ತಲೆಯ ಮೇಲೆ ಗಂಟು. ನಮ್ಮ ಯಾತ್ರೆಯಂತೆಯೇ ಒಂದು ಯಾತ್ರೆ. ಒಂದು ವ್ಯತ್ಯಾಸ ಕಣ್ಣಿಗೆ ಬಿತ್ತು: ತೆಂಗಿನಕಾಯಿ ಅಂಗಡಿಗಳ ಜಾಗದಲ್ಲಿ ಪುಸ್ತಕದ ಅಂಗಡಿಗಳು. ಮೈಲು ಉದ್ದ ಪುಸ್ತಕ. ಅಂಥ ಕಡೆ ಒಂದು ಗುಂಪು ಕನ್ನಡ ಮಾತಾಡುತ್ತಿತ್ತು, ಬೀದರ ಕಲಬುರಗಿಯ ಕನ್ನಡ. ನಾನು ಮಾತಾಡಿಸಲಿಲ್ಲ. ಒಂದು ಮರಾಠಿ ಪುಸ್ತಕ ಕೊಂಡು ಮನೆಗೆ ಬಂದೆ. ಮೂವತ್ತು ವರ್ಷ ಈ ಊರಿನಲ್ಲಿದ್ದು ಆ ಚರಿತ್ರೆ ನನಗೆ ಗೊತ್ತಿರಲಿಲ್ಲ ಎನ್ನುವುದಕ್ಕೆ ನಾಚಿಕೆಯಾಗುತ್ತದೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಮಹಾರಾಷ್ಟ್ರದ ಕೊಂಕಣದಲ್ಲಿ ಮಹಾಡ ಎಂಬ ಊರಿದೆ. ಅಲ್ಲಿ ಚವದಾರ ಕೆರೆ. ಎಲ್ಲರೂ ನೀರು ಮುಟ್ಟಬಹುದು ಎಂದು ಅಲ್ಲಿನ ಪುರಸಭೆ 1924ರಲ್ಲೇ ತೀರ್ಮಾನ ಮಾಡಿತ್ತು. ಕಾಗದದಲ್ಲಿ ತೀರ್ಮಾನ, ಕೆರೆಯಲ್ಲಿ ಹಳೆಯ ಪದ್ಧತಿ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಮೆರವಣಿಗೆಯಲ್ಲಿ ಹೋಗಿ ಬೊಗಸೆಯಲ್ಲಿ ನೀರು ಎತ್ತಿ ಕುಡಿದರು. ಅಷ್ಟೇ. ಅದಾದ ಮೇಲೆ, ಇವರು ಈಗ ವೀರೇಶ್ವರ ದೇವಸ್ಥಾನಕ್ಕೆ ನುಗ್ಗುತ್ತಾರೆ ಎಂದು ಊರಲ್ಲಿ ಪುಕಾರು ಎದ್ದಿತು. ಊಟಕ್ಕೆ ಕೂತಿದ್ದವರ ಮೇಲೆ, ಊರಿಗೆ ಹೊರಟಿದ್ದವರ ಮೇಲೆ ದೊಣ್ಣೆ ಬಿತ್ತು. ದೇವರನ್ನು ಕಾಪಾಡುವುದಕ್ಕೆ ಹೊರಟವರು ಹೊಡೆದದ್ದು ನೀರು ಕುಡಿದವರನ್ನು.

ಆಮೇಲೆ ನಡೆದದ್ದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟೆ. ಕೆರೆಯನ್ನು ಶುದ್ಧ ಮಾಡಿದರು. ಹಾಲು, ಮೊಸರು, ಸಗಣಿ, ಗೋಮೂತ್ರ ತುಂಬಿದ 108 ಮಡಕೆಗಳನ್ನು ಮಂತ್ರ ಹೇಳುತ್ತ ಕೆರೆಯಲ್ಲಿ ಮುಳುಗಿಸಿದರು. ನೂರೆಂಟು. ನಾವು ದಿನಾ ಎಣಿಸುವ ನೂರೆಂಟು. ನಮ್ಮ ಮನೆಯ ಗೃಹಪ್ರವೇಶಕ್ಕೆ ಬಳಸಿದ ಅದೇ ಪಂಚಗವ್ಯದ ಪದಾರ್ಥಗಳು. ಆ ಮಡಕೆ ಹೊತ್ತವರು ರೌಡಿಗಳಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಮಡಿ ಉಟ್ಟು, ಬಹುಶಃ ಉಪವಾಸ ಇದ್ದು, ಭಕ್ತಿಯಿಂದಲೇ ಆ ಕೆಲಸ ಮಾಡಿದ್ದಾರೆ. ಒಬ್ಬ ಮನುಷ್ಯ ಮುಟ್ಟಿದ್ದರಿಂದ ನೀರು ಸಗಣಿಗಿಂತ ಕೆಟ್ಟಿತು ಎಂದು ಹೇಳುವುದಕ್ಕೆ ಅವರಿಗೆ ಬೈಗುಳ ಬೇಕಾಗಲಿಲ್ಲ, ಮಂತ್ರ ಸಾಕಾಯಿತು. ಆ ನೀರಿನ ಮೇಲೆ ಎಲ್ಲರ ಹಕ್ಕನ್ನು ಬೊಂಬಾಯಿ ಹೈಕೋರ್ಟ್ ಎತ್ತಿ ಹಿಡಿಯುವ ಹೊತ್ತಿಗೆ 1937 ಬಂದಿತ್ತು.

ಆ ಮಡಕೆ ಹೊತ್ತವರನ್ನು ಬೈಯುವುದು ಸುಲಭ. ಆದರೆ ನನ್ನ ರಿಜಿಸ್ಟರಿನ ಆ ಗೆರೆ? ಅದೂ ಒಂದು ಮಡಕೆಯೇ. ಸಣ್ಣದು, ಯಾರಿಗೂ ಕಾಣದ್ದು.

ನಾಸಿಕದ ಕಾಳಾರಾಮ ದೇವಸ್ಥಾನದ ವಿಷಯ ಇನ್ನೂ ಹತ್ತಿರದ್ದು, ಯಾಕೆಂದರೆ ಅಲ್ಲಿ ಕೇಳಿದ್ದು ನೀರಲ್ಲ, ದರ್ಶನ. 1930ರ ಮಾರ್ಚ್ 2ರಂದು ಆರಂಭವಾದ ಸತ್ಯಾಗ್ರಹ ವರ್ಷಗಟ್ಟಲೆ ನಡೆಯಿತು. ಬಾಗಿಲು ತೆಗೆಯಲಿಲ್ಲ. 1935ರ ಅಕ್ಟೋಬರ್ 13ರಂದು ಅದೇ ಜಿಲ್ಲೆಯ ಯೇವಲೆಯಲ್ಲಿ ಅಂಬೇಡ್ಕರ್, ಹಿಂದೂವಾಗಿ ಹುಟ್ಟಿದ್ದು ನನ್ನ ಕೈಯಲ್ಲಿರಲಿಲ್ಲ, ಹಿಂದೂವಾಗಿ ಸಾಯುವುದಿಲ್ಲ ಎಂಬ ಅರ್ಥದ ಮಾತು ಹೇಳಿದರು. ಅಲ್ಲಿಂದ ಇಪ್ಪತ್ತೊಂದು ವರ್ಷ ಕಾದರು. ಇಪ್ಪತ್ತೊಂದು ವರ್ಷದಲ್ಲಿ ನಮ್ಮ ಕಡೆಯಿಂದ ಯಾರಾದರೂ ಹೋಗಿ, ಬನ್ನಿ, ಬಾಗಿಲು ತೆಗೆದಿದೆ, ತಪ್ಪಾಯಿತು ಅಂದಿದ್ದರೆ? 1956ರ ಅಕ್ಟೋಬರ್ 14, ವಿಜಯದಶಮಿಯ ದಿನ, ನಾನು ಸ್ಕೂಟರಿನಲ್ಲಿ ದಿನಾ ದಾಟಿಹೋಗುವ ಈ ಜಾಗದಲ್ಲಿ, ಭಿಕ್ಷು ಚಂದ್ರಮಣಿಯವರಿಂದ ದೀಕ್ಷೆ ತೆಗೆದುಕೊಂಡರು. ಆಮೇಲೆ ತಾವೇ ಲಕ್ಷಾಂತರ ಜನರಿಗೆ ದೀಕ್ಷೆ ಕೊಟ್ಟರು. ಎರಡು ತಿಂಗಳೂ ಆಗಿರಲಿಲ್ಲ, ಡಿಸೆಂಬರ್ 6ರಂದು ತೀರಿಕೊಂಡರು.

ಅವರು ಹೇಳಿಸಿದ 22 ಪ್ರತಿಜ್ಞೆಗಳಲ್ಲಿ ನಾವು ಪೂಜಿಸುವ ದೇವರುಗಳನ್ನು ಪೂಜಿಸುವುದಿಲ್ಲ ಎಂಬುದಿದೆ. ಓದುವಾಗ ನನಗೆ ನೋವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ರಾಮನನ್ನು ನೋಡಬೇಕು ಎಂದು ವರ್ಷಗಟ್ಟಲೆ ಬಾಗಿಲಲ್ಲಿ ನಿಂತವರ ನೋವಿನ ಮುಂದೆ ನನ್ನ ನೋವನ್ನು ಇಟ್ಟು ನೋಡಿದೆ. ನಮ್ಮಲ್ಲಿ ಕೆಲವರು, ಅವರು ಧರ್ಮ ಬಿಟ್ಟರು ಎನ್ನುತ್ತಾರೆ. ಬಾಗಿಲು ಹಾಕಿದವರು ಧರ್ಮದಲ್ಲೇ ಉಳಿದರು ಎನ್ನಬೇಕೆ?

ನಮ್ಮ ಕರ್ನಾಟಕದ ಕಥೆಯನ್ನೇ ತೆಗೆದುಕೊಳ್ಳಿ. ಉಡುಪಿಗೆ ಹೋದಾಗ ಕನಕನ ಕಿಂಡಿಯ ಮುಂದೆ ಮಕ್ಕಳನ್ನು ನಿಲ್ಲಿಸಿ, ಭಕ್ತನಿಗಾಗಿ ಕೃಷ್ಣನೇ ತಿರುಗಿದ ಎಂದು ಹೇಳುತ್ತೇವೆ. ನನ್ನ ಮಗಳು ಸಣ್ಣವಳಿದ್ದಾಗ, ಕನಕದಾಸರನ್ನು ಹೊರಗೆ ನಿಲ್ಲಿಸಿದ್ದು ಯಾರಪ್ಪಾ ಅಂದಳು. ಪೂಜೆಯ ಹೊತ್ತಾಯಿತು ನಡಿ ಅಂದೆ. ಕಥೆಯಲ್ಲಿ ಅವರಿಗೆ ಹೆಸರೇ ಇಲ್ಲ. ಅವರೂ ಆ ದಿನ ಮಡಿಯಲ್ಲೇ ಇದ್ದಿರಬೇಕು.

ಅದೇ ವರ್ಷದ ಯಾತ್ರೆ. ನಾಗಪುರದಿಂದ ಕೇರಳ ಎಕ್ಸ್‌ಪ್ರೆಸ್ ಹತ್ತಿ ನೇರ ಚೆಂಗನ್ನೂರಿನಲ್ಲಿ ಇಳಿಯುವುದು ನಮ್ಮ ರೂಢಿ. ಆ ಸಲ ಎರ್ನಾಕುಲಂನಲ್ಲೇ ಇಳಿದು ವೈಕಂ ಮಹಾದೇವನ ದರ್ಶನ ಮಾಡಿಕೊಂಡು ಹೋಗೋಣ ಎಂದು ಮಲಯಾಳಿ ಸ್ವಾಮಿಗಳೊಬ್ಬರು ಒತ್ತಾಯ ಮಾಡಿದರು. ನಮ್ಮ ಎಷ್ಟೋ ತಂಡಗಳು ಅಲ್ಲಿಗೆ ಹೋಗುತ್ತವೆ. ಕಪ್ಪು ಬಟ್ಟೆಯಲ್ಲಿ ಶರಣು ಕೂಗುತ್ತ ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ನಡೆದೆವು. ಅವರು ನನ್ನ ಕೈ ಹಿಡಿದು, ಸ್ವಾಮಿ, ಈ ರಸ್ತೆಯಲ್ಲಿ ನಡೆಯುವುದಕ್ಕೇ ಸತ್ಯಾಗ್ರಹ ನಡೆದದ್ದು, ಗೊತ್ತೇ ಎಂದು ಕೇಳಿದರು.

ಗಮನಿಸಿ, ದೇವಸ್ಥಾನದ ಒಳಗೆ ಹೋಗುವುದಕ್ಕಲ್ಲ, ಸುತ್ತಲಿನ ರಸ್ತೆಯಲ್ಲಿ ನಡೆಯುವುದಕ್ಕೆ. 1924ರ ಮಾರ್ಚ್ 30ರಂದು ಶುರುವಾದ ವೈಕಂ ಸತ್ಯಾಗ್ರಹ ಮುಗಿದದ್ದು 1925ರ ನವೆಂಬರಿನಲ್ಲಿ. ನಡುವೆ 1925ರ ಮಾರ್ಚ್ 10ರಂದು ಗಾಂಧೀಜಿ ಅಲ್ಲಿನ ಪ್ರಮುಖ ನಂಬೂದಿರಿ ಮನೆತನವಾದ ಇಂಡಂತುರುತ್ತಿಲ್ ಮನೆಗೆ ಮಾತುಕತೆಗೆ ಹೋದರು. ಗಾಂಧೀಜಿ ಬ್ರಾಹ್ಮಣರಲ್ಲ ಎಂಬ ಕಾರಣಕ್ಕೆ ಮನೆಯೊಳಗೆ ಕರೆಯಲಿಲ್ಲ, ಹೊರಗೆ ಕೂರಿಸಿ ಮಾತಾಡಿದರು.

ಅಲ್ಲಿ ನಡೆದ ಮಾತಿನ ಸಾರ ಹೀಗಿದೆ. ನಾಯಿ ದನ ಓಡಾಡುವ ರಸ್ತೆಯಲ್ಲಿ ಈ ಜನ ಯಾಕೆ ನಡೆಯಬಾರದು ಎಂದು ಗಾಂಧೀಜಿ ಕೇಳಿದರು. ಅದು ಅವರ ಪೂರ್ವಜನ್ಮದ ಕರ್ಮಫಲ ಎಂದು ಉತ್ತರ ಬಂತು. ಕರ್ಮವನ್ನು ನಾನೂ ನಂಬುತ್ತೇನೆ, ಆದರೆ ಅವರ ಶಿಕ್ಷೆಗೆ ಇನ್ನಷ್ಟು ಶಿಕ್ಷೆ ಸೇರಿಸುವುದಕ್ಕೆ ನೀವು ಯಾರು ಎಂಬುದು ಗಾಂಧೀಜಿಯ ಪ್ರಶ್ನೆ. ಆಚಾರ್ಯರ ಶಂಕರಸ್ಮೃತಿ ಹೀಗೆ ಹೇಳುತ್ತದೆ ಎಂದರು ಅವರು. ಹಾಗಾದರೆ ಪಂಡಿತರಿಗೆ ಒಪ್ಪಿಸೋಣ, ಅದು ಪ್ರಮಾಣವೇ ಎಂದು ಅವರು ಹೇಳಲಿ. ಇಲ್ಲವೇ ಸವರ್ಣರ ಮತವನ್ನೇ ಕೇಳೋಣ ಎಂದು ಗಾಂಧೀಜಿ ಸೂಚಿಸಿದರು. ಅದಕ್ಕೆ ಒಪ್ಪಿಗೆ ಸಿಗಲಿಲ್ಲ.

ಈ ಕೊನೆಯ ಸಂಗತಿಯಲ್ಲಿ ನನಗೆ ಬಹಳ ಅರ್ಥ ಕಾಣುತ್ತದೆ. ಶಾಸ್ತ್ರವೇ ಕಾರಣವಾಗಿದ್ದರೆ ಶಾಸ್ತ್ರವನ್ನು ತೆರೆದು ನೋಡಲು ಭಯ ಯಾಕೆ? ಅಂದರೆ ಮನಸ್ಸು ಮೊದಲೇ ತೀರ್ಮಾನ ಮಾಡಿಯಾಗಿತ್ತು, ಶಾಸ್ತ್ರವನ್ನು ಸಾಕ್ಷಿಗೆ ಕರೆದದ್ದು ಆಮೇಲೆ. ನಮ್ಮ ಹಿರಿಯ ಸ್ವಾಮಿಗಳು ಮಡಿ ಅಂದಾಗ ನಾನು ಒಂದೇ ಒಂದು ಪ್ರಶ್ನೆ ಕೇಳಬಹುದಿತ್ತು: ಆ ಹುಡುಗ ಸ್ನಾನ ಮಾಡಿಲ್ಲವೇ, ಮಾಲೆ ಹಾಕಿಲ್ಲವೇ, ಮಾಂಸ ಮದ್ಯ ಬಿಟ್ಟಿಲ್ಲವೇ, ಮಡಿಯಲ್ಲಿ ಅವನಿಗೆ ಕಮ್ಮಿಯಾದದ್ದು ಏನು? ಕೇಳಿದ್ದರೆ ಅವರು ಉತ್ತರವನ್ನು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು. ಹೇಳಲು ಅವರಿಗೂ ನಾಚಿಕೆಯಾಗುತ್ತಿತ್ತು ಎಂದೇ ನನ್ನ ನಂಬಿಕೆ. ಅವರಿಗೆ ನಾಚಿಕೆಯಾಗದಂತೆ ನಾನು ನೋಡಿಕೊಂಡೆ.

ಇನ್ನು ಕರ್ಮದ ಮಾತು. ನಮ್ಮ ಭಜನೆಯ ನಡುವೆಯೂ ಬರುತ್ತದೆ, ಅವರವರ ಕರ್ಮ ಎಂದು ಕೈ ತೊಳೆದುಕೊಳ್ಳುವುದು. ನನ್ನ ನೋವಿಗೆ ಕರ್ಮ ಎಂದು ನಾನು ಸಮಾಧಾನ ಹೇಳಿಕೊಂಡರೆ ಅದು ತಾಳ್ಮೆ. ಇನ್ನೊಬ್ಬನ ನೋವಿಗೆ, ಅದರಲ್ಲೂ ನಾನೇ ಕೊಟ್ಟ ನೋವಿಗೆ, ಅದೇ ಮಾತು ಹೇಳಿದರೆ? ಮಾತು ಒಂದೇ, ಆದರೆ ಹೇಳುವ ಬಾಯಿ ಬದಲಾದಾಗ ಅದು ಬೇರೆಯೇ ಆಗಿಬಿಡುತ್ತದೆ. ಕರ್ಮವನ್ನು ನಿಜವಾಗಿ ನಂಬಿದವನು ಅವನ ಹಿಂದಿನ ಜನ್ಮದ ಲೆಕ್ಕ ಬಿಟ್ಟು, ಈ ಕ್ಷಣ ತನ್ನ ಲೆಕ್ಕಕ್ಕೆ ಏನು ಸೇರುತ್ತಿದೆ ಎಂದು ಹೆದರಬೇಕು. ನಾನು ಗೆರೆ ಹೊಡೆದದ್ದು ನನ್ನ ಕರ್ಮ, ಅವನದಲ್ಲ.

ತಿರುವಾಂಕೂರಿನ ದೇವಸ್ಥಾನಗಳು ಎಲ್ಲ ಹಿಂದೂಗಳಿಗೆ ತೆರೆದದ್ದು 1936ರ ನವೆಂಬರ್ 12ರ ರಾಜಾಜ್ಞೆಯಿಂದ. ಗಾಂಧೀಜಿಯನ್ನು ಹೊರಗೆ ಕೂರಿಸಿದ ಆ ಮನೆ ಈಗ ಶೇಂದಿ ಇಳಿಸುವ ಕಾರ್ಮಿಕರ ಸಂಘದ ಕಚೇರಿ. ಮಲಯಾಳಿ ಸ್ವಾಮಿಗಳು ಇದನ್ನು ಹೇಳಿ ಜೋರಾಗಿ ನಕ್ಕರು. ವ್ರತದಲ್ಲಿದ್ದೇವೆ ಎನ್ನುವುದನ್ನೂ ಮರೆತು ನಾನೂ ನಕ್ಕೆ.

ಈ ವಿಷಯ ನಮ್ಮ ತಂಡದಲ್ಲಿ ಎತ್ತಿದಾಗ ಬಂದ ಮಾತುಗಳನ್ನೂ ಹೇಳಬೇಕು. ಒಬ್ಬರು, ಬರೀ ನಮ್ಮ ಧರ್ಮದ ಹುಳುಕು ಯಾಕೆ ಹೇಳುತ್ತೀರಿ ಅಂದರು. ಹುಳುಕು ಎಲ್ಲ ಕಡೆಯೂ ಇದೆ. ಅಮೆರಿಕದಲ್ಲಿ ಗುಲಾಮರನ್ನು ಇಟ್ಟುಕೊಂಡವರು ಬೈಬಲ್ ತೋರಿಸಿದರು. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದಕ್ಕೆ ಡಚ್ ರಿಫಾರ್ಮ್ಡ್ ಚರ್ಚ್ ಧರ್ಮದ ಆಧಾರ ಒದಗಿಸಿತು. ಈ ಕಾಲದಲ್ಲಿ ದೇವರ ಹೆಸರು ಕೂಗಿ ಬಾಂಬ್ ಹಾಕಿದವರನ್ನು ಎಲ್ಲರೂ ಕಂಡಿದ್ದೇವೆ. ಆದರೆ ನನ್ನ ಕೈಯಲ್ಲಿರುವ ರಿಜಿಸ್ಟರು ಅವರ ಚರ್ಚಿನದಲ್ಲ, ನಮ್ಮ ಸನ್ನಿಧಿಯದು. ಎರುಮೇಲಿಯಲ್ಲಿ ವಾವರ್ ಸ್ವಾಮಿಯ ಮಸೀದಿಗೆ ಪ್ರದಕ್ಷಿಣೆ ಹಾಕಿ ಬರುತ್ತೇವೆ, ನೋಡಿ ನಮ್ಮ ಸಾಮರಸ್ಯ ಎಂದು ಫೋಟೋ ಹಾಕುತ್ತೇವೆ. ಸಾವಿರಾರು ಕಿಲೋಮೀಟರ್ ದೂರದಲ್ಲಿ ತೋರಿಸುವ ಸಾಮರಸ್ಯ ನಮ್ಮ ಶೆಡ್ಡಿನ ಒಲೆಯ ತನಕ ಬರಲಿಲ್ಲ.

ಇನ್ನೊಬ್ಬರು, ಯಾರೂ ಬಲವಂತ ಮಾಡಲಿಲ್ಲವಲ್ಲ, ಅವನೇ ಒಪ್ಪಿ ಮೂರು ದಿನ ಎಲೆ ಎತ್ತಿದ ಅಂದರು. ಈ ಮಾತು ನಮ್ಮ ರಾಜ್ಯದಲ್ಲಿ ಬಹಳ ಸಲ ಕೇಳಿದ್ದು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ನಡೆಯುತ್ತಿತ್ತು. ಹರಕೆ ಹೊತ್ತ ಹೆಣ್ಣುಮಕ್ಕಳು, ಹೆಚ್ಚಿನವರು ಬಡವರು, ದಲಿತರು. ಅವರೇ ಇಷ್ಟಪಟ್ಟು ಬರುತ್ತಾರೆ ಎನ್ನುತ್ತಿದ್ದರು. 1986ರ ಮಾರ್ಚಿನಲ್ಲಿ ತಡೆಯಲು ಹೋದವರ ಮೇಲೆ ಗುಂಪು ಬಿತ್ತು, ಪೊಲೀಸರನ್ನೂ ಬಿಡಲಿಲ್ಲ, ಹೆಣ್ಣು ಪೊಲೀಸರ ಬಟ್ಟೆಯನ್ನೂ ಕಿತ್ತರು. ಇಷ್ಟಪಟ್ಟು ಮಾಡುವ ಸೇವೆಗೆ ಅಷ್ಟು ಸಿಟ್ಟು ಎಲ್ಲಿಂದ ಬಂತು? ಆಮೇಲೆ ಸರಕಾರ ಅದನ್ನು ನಿಷೇಧಿಸಿತು. ಚಂಪಾಷಷ್ಠಿಯ ಎಂಜಲೆಲೆಯ ಮೇಲಿನ ಮಡೆಸ್ನಾನಕ್ಕೂ ಇದೇ ಸಮರ್ಥನೆ ಇತ್ತು, ಚರ್ಮರೋಗ ವಾಸಿಯಾಗುತ್ತದೆ, ಅವರಾಗಿ ಉರುಳುತ್ತಾರೆ ಎಂದು. 2017ರ ಕರ್ನಾಟಕದ ಕಾಯಿದೆ ಅದನ್ನು ಅಮಾನವೀಯ ಪದ್ಧತಿ ಎಂದು ಸೇರಿಸಿತು. ಕೆಳಗೆ ಉರುಳುವವನ ಒಪ್ಪಿಗೆಯನ್ನು ತೋರಿಸುವವರು ಒಂದು ಸಲ ತಾವೂ ಉರುಳಿ ನೋಡಿದ್ದನ್ನು ನಾನಂತೂ ಕೇಳಿಲ್ಲ. ಎಲೆ ಎತ್ತುವ ಪುಣ್ಯದ ಬಗ್ಗೆ ಪಾಠ ಹೇಳಿದ ನಾನೂ ಎಂಟು ವರ್ಷದಲ್ಲಿ ಒಂದು ದಿನ ಎಲೆ ಎತ್ತಿರಲಿಲ್ಲ. ಆ ಹುಡುಗ ನಕ್ಕು ಹೇಳಿದ್ದು ಅದನ್ನೇ.

ಹೋದ ಜನವರಿಯಲ್ಲಿ, ಮಲೆಯಿಂದ ಬಂದು ಮಾಲೆ ತೆಗೆದ ಮೇಲೆ, ರಿಜಿಸ್ಟರಿನಲ್ಲಿದ್ದ ವಿಳಾಸ ಹಿಡಿದು ಪ್ರಸಾದ ತೆಗೆದುಕೊಂಡು ಅವನ ಮನೆಗೆ ಹೋದೆ. ಫೋನ್ ಮಾಡುವ ಧೈರ್ಯ ಇರಲಿಲ್ಲ. ಅವನು ಕೆಲಸಕ್ಕೆ ಹೋಗಿದ್ದ. ತಾಯಿ ಬಾಗಿಲು ತೆಗೆದರು. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಪಕ್ಕದಲ್ಲೇ ನಮ್ಮ ಅಯ್ಯಪ್ಪನ ಫೋಟೋ, ಎರಡಕ್ಕೂ ಹೂವು. ನಾನು ಸನ್ನಿಧಿಯವನು, ಪಟ್ಟಿ ಬರೆಯುವವನು ಅಂದೆ.

"ಗೊತ್ತದರಿ, ಹೇಳ್ಯಾನ" ಅಂದರು. ಸಿಟ್ಟಿನಿಂದ ಅಲ್ಲ. ಸುಮ್ಮನೆ.

ನಾನು ತಂದ ಪ್ರಸಾದ ತೆಗೆದುಕೊಂಡು ದೇವರ ಮುಂದೆ ಇಟ್ಟರು. ಒಳಗೆ ಹೋಗಿ ಸ್ಟೀಲ್ ಬಟ್ಟಲಲ್ಲಿ ಅರವಣ ಪಾಯಸ ತಂದರು. ಅವನು ಈ ಸಲವೂ ಹೋಗಿಬಂದಿದ್ದನಂತೆ, ಎರಡನೇ ಸಲ. "ನಮ್ಮನ್ಯಾಗಿನ ಪ್ರಸಾದಾನೂ ತಗೋರಿ" ಅಂದರು. ಅದೇ ಸ್ವಾಮಿಯ ಪ್ರಸಾದ, ಅದೇ ಡಬ್ಬಿ, ಅದೇ ರುಚಿ. ಕ್ಷಮೆ ಕೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಹುಡುಗನಿಗೆ ಹೇಳಬೇಕಾದ್ದನ್ನು ತಾಯಿಗೆ ಹೇಳಿ ಹಗುರಾಗುವುದು ಸರಿಯಲ್ಲ ಅನಿಸಿತು. ಅಥವಾ ಅದೂ ಒಂದು ನೆಪವೋ ಏನೋ. ಪಾಯಸ ತಿಂದು, ಬಟ್ಟಲು ತೊಳೆಯಲು ಎದ್ದರೆ ಅವರು ಬಿಡಲಿಲ್ಲ. ಬಂದೆ.

ಮನೆಯಲ್ಲಿ ಕೂಲರ್ ಕೋಣೆಯಲ್ಲಿ ಈಗ ಕೂಲರ್ ಮಾತ್ರ ಇರುತ್ತದೆ. ಹೆಂಡತಿಗೆ ಆ ವಿಷಯ ಹೇಳಿ ತಪ್ಪಾಯಿತು ಎಂದಾಗ, "ಇಷ್ಟು ವರ್ಷ ಆದಮ್ಯಾಲೆ ನೆನಪಾತೇನು" ಅಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಈ ವರ್ಷದ ರಿಜಿಸ್ಟರು ಹೊಸದು. ಎಲೆ ಎತ್ತುವ ಸಾಲಿನಲ್ಲಿ ಮೊದಲ ವಾರಕ್ಕೆ ನನ್ನ ಹೆಸರು ಬರೆದಿದ್ದೇನೆ, ಪೆನ್ನಿನಲ್ಲಿ. ಅದರ ಕೆಳಗೆ ಆ ಹಿರಿಯ ಸ್ವಾಮಿಗಳ ಹೆಸರನ್ನೂ ಬರೆದು ಅವರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಸೊಂಟ ನೋವು ಸ್ವಾಮಿ ಅಂದರು. ಕೂತು ಮಾಡುವ ಕೆಲಸ ಬೇಕಾದರೆ ಚಪ್ಪಲಿ ಕಾಯುವುದಿದೆ ಅಂದೆ. ಹೂಂ ಅನ್ನಲಿಲ್ಲ, ಉ‌ಹೂಂ ಅನ್ನಲಿಲ್ಲ.

ಅಡುಗೆಯ ಸಾಲಿನಲ್ಲಿ, ಹುಳಿಯ ಎದುರಿಗೆ, ಆ ಹುಡುಗನ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಅವನಿಗೆ ಮೆಸೇಜ್ ಕಳಿಸಿ ನಾಲ್ಕು ದಿನವಾಯಿತು. ತಪ್ಪು ನನ್ನದು, ನಿಯಮದ್ದಲ್ಲ ಎಂದು ಬರೆದಿದ್ದೇನೆ. ಓದಿದ ಗುರುತು ನೀಲಿ ಬಂದಿದೆ, ಉತ್ತರ ಬಂದಿಲ್ಲ. ಮಾಲಾಧಾರಣೆಗೆ ಇನ್ನೂ ಹನ್ನೊಂದು ದಿನ ಇದೆ.

ಸ್ವಾಮಿ ಶರಣಂ.